ನಿಂತಲ್ಲೇ ಬೀಳುವುದು

ಪ್ಯಾರಿಸ್‌ನ ಗೋಪುರ ಕಟ್ಟಿ ಹೆಸರಾದ ಎಂಜಿನಿಯರ್ ಗುಸ್ತಾವ್ ಐಫೆಲ್ ಎಪ್ಪತ್ತರ ವಯಸ್ಸಿನಲ್ಲಿ ಗಾಳಿಯ ಬೆನ್ನು ಹತ್ತಿದರು. 1903ರಿಂದ 1905ರವರೆಗೆ ಅವರು ಆ ಗೋಪುರದ ಎರಡನೇ ಅಂತಸ್ತಿನಿಂದ, ಅಂದರೆ ಸುಮಾರು 115 ಮೀಟರ್ ಎತ್ತರದಿಂದ, ಬೇರೆ ಬೇರೆ ಆಕಾರದ ತಗಡುಗಳನ್ನು ಕೆಳಕ್ಕೆ ಬಿಡುತ್ತಿದ್ದರು. ಬಿಗಿದು ಕಟ್ಟಿದ ತಂತಿಯ ಗುಂಟ ಅವು ಇಳಿದು ಬರುತ್ತಿದ್ದವು. ಗಾಳಿ ಎಷ್ಟು ಬಲವಾಗಿ ತಡೆಯಿತು ಎಂಬುದನ್ನು ತಗಡಿನ ಜೊತೆಗೇ ಬೀಳುತ್ತಿದ್ದ ಉಪಕರಣ ದಾಖಲಿಸಿಕೊಳ್ಳುತ್ತಿತ್ತು. ಬೀಳುವ ಹೊತ್ತು ಕೆಲವೇ ಸೆಕೆಂಡು. ಅಷ್ಟರೊಳಗೆ ಅಳತೆ ಮುಗಿಯಬೇಕು. 1909ರಲ್ಲಿ ಐಫೆಲ್ ಈ ಏರ್ಪಾಟನ್ನೇ ಅದಲು ಬದಲು ಮಾಡಿದರು. ಗೋಪುರದ ಬುಡದಲ್ಲಿ ಒಂದು ಗಾಳಿಸುರಂಗ ಕಟ್ಟಿಸಿ, ತಗಡನ್ನು ಅಲುಗದಂತೆ ನಿಲ್ಲಿಸಿ, ಫ್ಯಾನಿನಿಂದ ಅದರ ಮೇಲೆ ಗಾಳಿ ಹಾಯಿಸಿದರು. ಎರಡೂ ಕಡೆಯ ಅಂಕಿಗಳು ತಾಳೆಯಾದವು.

ಆ ಕಾಲಕ್ಕೆ ಇದು ಸಣ್ಣ ಸಂಗತಿಯಲ್ಲ. ನಿಂತ ನೀರಿನಲ್ಲಿ ಹಲಗೆ ಎಳೆದರೆ ಸಿಗುವ ತಡೆ ಬೇರೆ, ನಿಂತ ಹಲಗೆಯ ಮೇಲೆ ನೀರು ಹರಿದರೆ ಸಿಗುವ ತಡೆ ಬೇರೆ ಎಂದು ಹದಿನೆಂಟನೇ ಶತಮಾನದಲ್ಲೇ ಫ್ರಾನ್ಸಿನ ದು ಬುವಾ ಪ್ರಯೋಗ ಮಾಡಿ ಹೇಳಿದ್ದರು. ಅವರ ಮಾತು ನಿಜವಾಗಿದ್ದರೆ ಗಾಳಿಸುರಂಗದಲ್ಲಿ ಸಿಕ್ಕ ಯಾವ ಅಂಕಿಯನ್ನೂ ಹಾರುವ ವಿಮಾನಕ್ಕೆ ಅನ್ವಯಿಸುವಂತಿರಲಿಲ್ಲ. ಅವರ ಅಳತೆಯಲ್ಲಿ ಕಂಡ ವ್ಯತ್ಯಾಸಕ್ಕೆ ಕಾರಣ ಹರಿಯುವ ನೀರಿನೊಳಗಿನ ಸುಳಿಗಳು. ಪ್ರವಾಹ ನಯವಾಗಿದ್ದರೆ, ವಸ್ತು ಚಲಿಸಿತೋ ಗಾಳಿ ಚಲಿಸಿತೋ ಎಂಬುದನ್ನು ವಸ್ತುವಿನ ಮೇಲೆ ಬೀಳುವ ಬಲ ನೋಡಿ ಹೇಳಲು ಸಾಧ್ಯವೇ ಇಲ್ಲ. ನಯವಾದ ಪ್ರವಾಹ ಎಂಬ ಈ ಷರತ್ತು ಮುಂದೆ ಮತ್ತೆ ಬರುತ್ತದೆ.

ಈಗ ಸಿಂಗಪುರದ ಸೆಂಟೋಸಾ ದ್ವೀಪಕ್ಕೆ ಬನ್ನಿ. ಕಡಲತೀರಕ್ಕೆ ಮುಖ ಮಾಡಿ, ಐದು ಮೀಟರ್ ಅಗಲದ, ಐದು ಮಹಡಿ ಎತ್ತರದ ಒಂದು ಕೊಳವೆ ನಿಂತಿದೆ. ಅದರ ಗೋಡೆ ಪಾರದರ್ಶಕ ಅಕ್ರಿಲಿಕ್. 2011ರಿಂದ ಅಲ್ಲಿ ಜನ ಹಣ ಕೊಟ್ಟು, ಹೆಲ್ಮೆಟ್ ಹಾಕಿಕೊಂಡು, ಪ್ಯಾರಾಶೂಟ್ ಇಲ್ಲದೆ ಬೀಳುತ್ತಿದ್ದಾರೆ. ಹೊರಗೆ ಬೆಂಚಿನ ಮೇಲೆ ಕೂತವರಿಗೆ ಅವರು ತೇಲುತ್ತಿರುವಂತೆ ಕಾಣುತ್ತಾರೆ. ಫ್ಯಾನ್ ಅವರನ್ನು ಎತ್ತಿ ಹಿಡಿದಿದೆ, ಗುರುತ್ವ ಅಲ್ಲಿ ಸೋತಿದೆ ಎಂದು ಅನ್ನಿಸುತ್ತದೆ. ಗುರುತ್ವ ಎಲ್ಲಿಯೂ ಸೋತಿಲ್ಲ. ಒಳಗಿರುವವರು ಗಂಟೆಗೆ 180 ಕಿಲೊಮೀಟರಿನ ಆಸುಪಾಸಿನಲ್ಲಿ ಬೀಳುತ್ತಿದ್ದಾರೆ. ಅಷ್ಟೇ ವೇಗದಲ್ಲಿ ಗಾಳಿ ಮೇಲೇರುತ್ತಿರುವುದರಿಂದ ನಮ್ಮ ಕಣ್ಣೆದುರೇ ಇದ್ದಾರೆ. ಐಫೆಲ್‌ನ ತಗಡು ಇದ್ದಲ್ಲಿ ಈಗ ಮನುಷ್ಯ ಇದ್ದಾನೆ, ಅಡ್ಡಲಾಗಿದ್ದ ಸುರಂಗ ನೆಟ್ಟಗೆ ನಿಂತಿದೆ. ಗಾಳಿಸುರಂಗದೊಳಗಿನ ಬೀಳುವಿಕೆ ಅಣಕುಪ್ರದರ್ಶನವಲ್ಲ, ಅಸಲಿ ಬೀಳುವಿಕೆ ಎಂಬುದನ್ನು ಮನದಟ್ಟು ಮಾಡಿಕೊಂಡರೆ ಅಲ್ಲಿನ ಅನುಭವದ ಬೆಲೆಯೇ ಬೇರೆಯಾಗುತ್ತದೆ.

ವಿಮಾನದಿಂದ ಧುಮುಕಿದವರಿಗೆ ಏನಾಗುತ್ತದೆ ನೋಡೋಣ. ಮೊದಲ ಸೆಕೆಂಡಿನಲ್ಲಿ ಅವರು ಸುಮಾರು ಐದು ಮೀಟರ್ ಕೆಳಗಿಳಿಯುತ್ತಾರೆ. ವೇಗ ಏರುತ್ತ ಹೋದಂತೆ ಎದುರಾಗುವ ಗಾಳಿಯ ತಡೆಯೂ ಏರುತ್ತದೆ. ಅದೂ ವೇಗದ ವರ್ಗದ ಪ್ರಮಾಣದಲ್ಲಿ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ಗಾಳಿಯ ತಡೆ ದೇಹದ ತೂಕಕ್ಕೆ ಸರಿಸಮನಾಗಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ವೇಗ ಏರುವುದಿಲ್ಲ. ಹೊಟ್ಟೆ ಕೆಳಗಾಗಿ ಕೈಕಾಲು ಚಾಚಿದವರಿಗೆ ಈ ಅಂತಿಮ ವೇಗ ಗಂಟೆಗೆ 180ರಿಂದ 200 ಕಿಲೊಮೀಟರ್. ತಲೆ ಕೆಳಗಾಗಿ ಬಾಣದಂತೆ ಇಳಿದರೆ 250 ದಾಟುತ್ತದೆ. ಧುಮುಕಿದ ಮೇಲೆ ಪ್ಯಾರಾಶೂಟ್ ಬಿಚ್ಚುವವರೆಗಿನ ಸುಮಾರು ಒಂದು ನಿಮಿಷದಲ್ಲಿ ಹೆಚ್ಚಿನ ಹೊತ್ತು ಕಳೆಯುವುದು ಈ ಬದಲಾಗದ ವೇಗದಲ್ಲೇ. ಸುರಂಗ ಮೊದಲ ಹತ್ತು ಹನ್ನೆರಡು ಸೆಕೆಂಡುಗಳನ್ನು ಬಿಟ್ಟು ಉಳಿದದ್ದನ್ನು ಮಾತ್ರ ನಮಗೆ ಕೊಡುತ್ತದೆ.

ನಾನು ಸೆಂಟೋಸಾಕ್ಕೆ ಹೋದದ್ದು ಅಲ್ಲೇ ನೆಲೆಸಿರುವ ತಂಗಿಯ ಒಂಬತ್ತು ವರ್ಷದ ಮಗಳ ಜೊತೆ. ಮೊದಲು ಒಂದು ಕೋಣೆಯಲ್ಲಿ ಕೂರಿಸಿ ಕೈಸನ್ನೆ ಕಲಿಸಿದರು. ಒಳಗೆ ಗಾಳಿಯ ಅಬ್ಬರದಲ್ಲಿ ಮಾತು ಕೇಳುವುದಿಲ್ಲ, ಕಿವಿಯಲ್ಲಿ ಇಯರ್‌ಪ್ಲಗ್ ಬೇರೆ. ಎರಡು ಬೆರಳು ಮಡಚಿ ತೋರಿಸಿದರೆ ಮೊಣಕಾಲು ಮಡಚಬೇಕು. ಎರಡು ಬೆರಳು ನೆಟ್ಟಗೆ ಚಾಚಿದರೆ ಕಾಲು ಚಾಚಬೇಕು. ಗದ್ದದ ಕೆಳಗೆ ಬೆರಳಿಟ್ಟು ಮೇಲೆ ತೋರಿಸಿದರೆ ತಲೆ ಎತ್ತಬೇಕು. ಹೆಬ್ಬೆರಳು ಕಿರುಬೆರಳು ಮಾತ್ರ ಬಿಡಿಸಿ ಕೈ ಅಲ್ಲಾಡಿಸಿದರೆ ಮೈ ಸಡಿಲ ಬಿಡಬೇಕು. ಈ ಕೊನೆಯದನ್ನೇ ತರಬೇತುದಾರರು ಎಲ್ಲಕ್ಕಿಂತ ಹೆಚ್ಚು ತೋರಿಸಬೇಕಾಗುತ್ತದೆ ಎಂಬುದು ಬೆಂಚಿನ ಮೇಲೆ ಕೂತು ಬೇರೆಯವರನ್ನು ನೋಡುವಾಗಲೇ ತಿಳಿಯುತ್ತದೆ.

ಕೊಳವೆಗೆ ಒಂದು ಬಾಗಿಲು, ಕೆಳಗೆ ನೆಲದ ಬದಲು ಉಕ್ಕಿನ ತಂತಿಯ ಬಲೆ. ಬಾಗಿಲಲ್ಲಿ ನಿಂತು, ಕೈಗಳನ್ನು ಮುಖದ ಹತ್ತಿರ ಹಿಡಿದು, ಮುಂದಕ್ಕೆ ಬಾಗಬೇಕು. ಕಾಲು ನೆಲ ಬಿಡುವ ಮುನ್ನವೇ ಎದೆಯನ್ನು ಗಾಳಿ ಹಿಡಿದುಕೊಂಡಿತು. ಬೀಳುತ್ತೇನೆ ಎಂದು ಕಾದಿದ್ದ ಮೈಗೆ ಬಿದ್ದದ್ದೇ ತಿಳಿಯಲಿಲ್ಲ. ಉಬ್ಬಿದ ತೋಳಿನ ಬಟ್ಟೆ ಪಟಪಟ ಬಡಿಯುತ್ತಿತ್ತು, ಕೆನ್ನೆಯ ಚರ್ಮ ಅದರಷ್ಟಕ್ಕೆ ಅದು ಅಲುಗುತ್ತಿತ್ತು, ಎರಡು ಅಡಿ ಕೆಳಗೆ ಬಲೆಯ ಚೌಕಗಳು ಕಾಣುತ್ತಿದ್ದವು. ಹೊಟ್ಟೆಯಲ್ಲಿ ಯಾವ ತಳಮಳವೂ ಇಲ್ಲ. ಜಾತ್ರೆಯ ರಾಟೆತೊಟ್ಟಿಲು ಕೆಳಗಿಳಿಯುವಾಗ ಆಗುವಂಥದ್ದು ಇಲ್ಲಿ ಒಂದು ಕ್ಷಣವೂ ಆಗಲಿಲ್ಲ.

ಕಾರಣ ಒಳಕಿವಿಯಲ್ಲಿದೆ. ಅಲ್ಲಿ ಲೋಳೆಯಂಥ ಪದರದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಅತಿ ಸಣ್ಣ ಹರಳುಗಳು ಕೂತಿರುತ್ತವೆ. ದೇಹದ ವೇಗ ಬದಲಾದರೆ ಅವು ಜರುಗಿ, ಕೆಳಗಿನ ಸೂಕ್ಷ್ಮ ರೋಮಗಳನ್ನು ಬಗ್ಗಿಸಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ವೇಗ ಎಷ್ಟಿದೆ ಎಂಬುದು ಅವಕ್ಕೆ ತಿಳಿಯುವುದಿಲ್ಲ. ವೇಗ ಬದಲಾದದ್ದು ಮಾತ್ರ ತಿಳಿಯುತ್ತದೆ. ರಾಟೆತೊಟ್ಟಿಲು ಇಳಿಯತೊಡಗುವಾಗ ನಮ್ಮನ್ನು ಹೊತ್ತ ಆಸನದ ಒತ್ತು ಕಡಿಮೆಯಾಗುತ್ತದೆ, ಹರಳುಗಳು ಹಗುರಾಗುತ್ತವೆ, ಹೊಟ್ಟೆಯೊಳಗಿನ ಅಂಗಗಳೂ ಹಗುರಾಗುತ್ತವೆ. ಅಂತಿಮ ವೇಗದಲ್ಲಿ ಬೀಳುವವರಿಗೆ ಗಾಳಿ ಪೂರ್ತಿ ತೂಕವನ್ನು ಹೊತ್ತಿರುತ್ತದೆ. ಹಾಸಿಗೆಯ ಮೇಲೆ ಬೋರಲು ಮಲಗಿದಾಗ ಒಳಕಿವಿ ಏನು ಹೇಳುತ್ತದೋ ಇಲ್ಲಿಯೂ ಅದನ್ನೇ ಹೇಳುತ್ತದೆ. ಭೂಮಿಯನ್ನು ಸುತ್ತುವ ಅಂತರಿಕ್ಷ ನಿಲ್ದಾಣದಲ್ಲಿ ಗಗನಯಾತ್ರಿಗಳು ತೇಲುವುದನ್ನೂ ಇದನ್ನೂ ಒಂದೇ ಎಂದು ಹಲವರು ತಿಳಿಯುತ್ತಾರೆ. ಗಗನಯಾತ್ರಿಗಳಿಗೆ ಆಸರೆಯೇ ಇಲ್ಲ, ಅದಕ್ಕೇ ತೂಕವಿಲ್ಲ. ಸುರಂಗದಲ್ಲಿ ತೂಕ ಒಂದು ಗ್ರಾಮೂ ಕಡಿಮೆಯಾಗಿಲ್ಲ.

ಗಾಳಿಯ ಆಸರೆ ಮೈಗೆ ಒತ್ತಿದಂತೆ ಅನ್ನಿಸದಿರುವುದಕ್ಕೂ ಲೆಕ್ಕವಿದೆ. ಸೆಕೆಂಡಿಗೆ 50 ಮೀಟರ್ ವೇಗದ ಗಾಳಿ ಎದುರಿನ ಮೇಲ್ಮೈಯನ್ನು ಚದರ ಮೀಟರಿಗೆ ಸುಮಾರು 1,500 ನ್ಯೂಟನ್ ಒತ್ತಡದಲ್ಲಿ ತಳ್ಳುತ್ತದೆ. ಹದಿನೈದು ಸೆಂಟಿಮೀಟರ್ ನೀರಿನ ತಳದಲ್ಲಿ ಇರುವಷ್ಟು ಒತ್ತಡ, ಅಷ್ಟೇ. ನಿಂತಾಗ ಎರಡು ಪಾದಗಳು ಹೊರುವ ಭಾರವನ್ನು ಇಲ್ಲಿ ಎದೆ, ಹೊಟ್ಟೆ, ತೊಡೆ, ಮೊಣಕೈ ಎಲ್ಲವೂ ಹಂಚಿಕೊಂಡಿರುತ್ತವೆ.

ಮಗಳ ಸರದಿ ಬಂತು. ಅವಳು ಬಾಗಿಲಿಂದ ಒಳಗೆ ಹೋದವಳೇ ಕಾಲು ಎರಡನ್ನೂ ಸೆಟೆದು ಚಾಚಿದಳು. ಮರುಕ್ಷಣ ಮುಂದಕ್ಕೆ ಜಾರಿ ಎದುರಿನ ಪಾರದರ್ಶಕ ಗೋಡೆಗೆ ಅಂಗೈ ಒತ್ತಿದಳು. ತರಬೇತುದಾರ ಅವಳ ಕಣ್ಣೆದುರು ಎರಡು ಬೆರಳು ಮಡಚಿದರು. ಅವಳು ಮೊಣಕಾಲು ಮಡಚಿದಳು, ಯಾರೂ ಎಳೆಯದೆ ಮೆಲ್ಲನೆ ಹಿಂದಕ್ಕೆ ಸರಿದು ನಡುವಿಗೆ ಬಂದಳು. ಗೋಡೆಯಾಚೆ ಒಂದು ಮೀಟರ್ ದೂರದಲ್ಲಿ ಇದನ್ನು ನೋಡುತ್ತಿದ್ದ ನನಗೆ ನ್ಯೂಟನ್‌ನ ಮೂರನೇ ನಿಯಮ ಅಷ್ಟು ಬರಿಗಣ್ಣಿಗೆ ಕಂಡದ್ದು ಅದೇ ಮೊದಲು. ಕಾಲು ಚಾಚಿದಾಗ ಕೆಳಗಿನಿಂದ ಬಂದ ಗಾಳಿ ಮೊಣಕಾಲ ಕೆಳಭಾಗಕ್ಕೆ ಬಡಿದು ಹಿಂದಕ್ಕೆ ತಿರುಗುತ್ತದೆ. ಗಾಳಿ ಹಿಂದಕ್ಕೆ ಹೋದಷ್ಟೂ ದೇಹ ಮುಂದಕ್ಕೆ. ಕೈ ಮುಂದೆ ಚಾಚಿದರೆ ಇದೇ ಉಲ್ಟಾ. ಒಂದು ಬದಿಯ ತೋಳನ್ನು ಸ್ವಲ್ಪ ತಗ್ಗಿಸಿದರೆ ಇಡೀ ಮೈ ಗಿರ್ರನೆ ತಿರುಗುತ್ತದೆ. ವಿಮಾನದ ರೆಕ್ಕೆಯ ತುದಿಯಲ್ಲಿ ಮಡಚಿ ಬಿಚ್ಚುವ ಪಟ್ಟಿಗಳ ಕೆಲಸವನ್ನು ಇಲ್ಲಿ ಮೈಯೇ ಮಾಡುತ್ತದೆ.

ಸೊಂಟ ಮುಂದೆ ತಳ್ಳಿ, ತಲೆ ಎತ್ತಿ, ಕೈಕಾಲುಗಳನ್ನು ಬೆನ್ನಿನ ಕಡೆಗೆ ಬಾಗಿಸುವ ಭಂಗಿಯನ್ನು ಎಲ್ಲರಿಗೂ ಮೊದಲು ಕಲಿಸುತ್ತಾರೆ. ಇದರಲ್ಲಿ ಭಾರದ ಕೇಂದ್ರ ಎಲ್ಲಕ್ಕಿಂತ ಕೆಳಗೆ ಹೊಟ್ಟೆಯ ಹತ್ತಿರ ಇರುತ್ತದೆ, ಗಾಳಿ ಹಿಡಿಯುವ ಕೈಕಾಲುಗಳು ಅದಕ್ಕಿಂತ ಮೇಲೆ ಉಳಿಯುತ್ತವೆ. ಒಂದು ಬದಿಗೆ ವಾಲಿದರೆ ಆ ಬದಿಯ ಕೈಕಾಲು ಕೆಳಗಿಳಿದು ಹೆಚ್ಚು ಗಾಳಿಗೆ ಸಿಕ್ಕಿ ಮತ್ತೆ ಮೇಲೇಳುತ್ತವೆ. ಭಂಗಿ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಗಾಬರಿಯಿಂದ ಮುದುಡಿಕೊಂಡವರಲ್ಲಿ ಇದು ತಿರುವುಮುರುವಾಗಿ, ಬೆನ್ನು ಕೆಳಗಾಗುವ ಕಡೆಗೇ ಮೈ ಹೊರಳುತ್ತದೆ.

ಹೊರಗೆ ಬಂದು ಹೆಲ್ಮೆಟ್ ತೆಗೆಯುತ್ತಲೇ ಮಗಳು ಕೇಳಿದಳು: “ದೊಡ್ಡಮ್ಮ, ನಂಗೆ ಗಾಳಿ ಕಮ್ಮಿ ಇಟ್ಟಿದ್ರಾ?”

“ಹೌದು ಪುಟ್ಟೀ. ಅದೋ, ಆ ಗಾಜಿನ ಕೋಣೇಲಿ ಕೂತಿದ್ದಾರಲ್ಲ, ಅವರು ಇಳಿಸಿದ್ರು.”

“ನಾನು ಚಿಕ್ಕವಳು ಅಂತಾನಾ?”

ಒಳ್ಳೆಯ ಪ್ರಶ್ನೆ. ಉತ್ತರ ಹೌದು ಎಂದೇ, ಆದರೆ ಚಿಕ್ಕವಳು ಹಗುರ ಎನ್ನುವುದರಿಂದ ಮಾತ್ರವಲ್ಲ. ಚಿಕ್ಕವಳಿಗೆ ಗಾಳಿ ಹಿಡಿಯುವ ಮೈಯೂ ಚಿಕ್ಕದೇ ತಾನೆ? ಕಣದಲ್ಲಿ ರಾಶಿ ತೂರುವುದನ್ನು ನೋಡಿದವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ಮೊರದಿಂದ ಎತ್ತರಕ್ಕೆ ಸುರಿದಾಗ ಕಾಳು ನೆಟ್ಟಗೆ ಕಾಲ ಬುಡಕ್ಕೆ ಬೀಳುತ್ತದೆ, ಹೊಟ್ಟು ಗಾಳಿಯ ಜೊತೆ ಆಚೆ ಹೋಗುತ್ತದೆ. ಜೊಳ್ಳು ಕಾಳು ಗಾತ್ರದಲ್ಲಿ ಗಟ್ಟಿ ಕಾಳಿನಷ್ಟೇ ಇದ್ದರೂ ದೂರ ಹೋಗಿ ಬೀಳುತ್ತದೆ. ಗಾಳಿ ಅಲ್ಲಿ ವಿಂಗಡಿಸುವುದು ತೂಕವನ್ನಲ್ಲ, ತನಗೆ ಎದುರಾಗುವ ಮೇಲ್ಮೈಯ ಪ್ರತಿ ಅಂಗುಲಕ್ಕೂ ಎಷ್ಟು ತೂಕ ಎಂಬುದನ್ನು.

ಮಗಳ ತೂಕ 27 ಕಿಲೊ, ನನ್ನದು 64. ಈ ಎರಡು ಸಂಖ್ಯೆಗಳಿಂದ ಲೆಕ್ಕ ಸೊಗಸಾಗಿ ಬಿಡಿಸಿಕೊಳ್ಳುತ್ತದೆ. 27 ಎಂದರೆ ಮೂರರ ಘನ, 64 ನಾಲ್ಕರ ಘನ. ಇಬ್ಬರ ಮೈಕಟ್ಟೂ ಒಂದೇ ಅಚ್ಚು ಎಂದುಕೊಂಡರೆ ನಮ್ಮ ಎತ್ತರದ ಅನುಪಾತ 3ಕ್ಕೆ 4. ಗಾಳಿಗೆ ಒಡ್ಡುವ ಮೈಯ ವಿಸ್ತೀರ್ಣದ ಅನುಪಾತ 9ಕ್ಕೆ 16. ತೂಕವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಮತ್ತೆ 3ಕ್ಕೆ 4. ಅಂದರೆ ಅವಳ ಮೈಯ ಪ್ರತಿ ಚದರ ಅಂಗುಲ ಹೊರಬೇಕಾದ ಭಾರ ನನ್ನದರ ಮುಕ್ಕಾಲು ಭಾಗ. ತಡೆ ವೇಗದ ವರ್ಗದಂತೆ ಏರುವುದರಿಂದ ಬೇಕಾದ ವೇಗ ಮುಕ್ಕಾಲರ ವರ್ಗಮೂಲ, ಸುಮಾರು 0.87. ನನಗೆ ಗಂಟೆಗೆ 180 ಕಿಲೊಮೀಟರ್ ಗಾಳಿ ಬೇಕಾದರೆ ಅವಳಿಗೆ 156 ಸಾಕು. ತೂಕದಲ್ಲಿ ಅರ್ಧಕ್ಕಿಂತ ಕಡಿಮೆ ಇರುವವಳಿಗೆ ಗಾಳಿಯ ವೇಗ ಎಂಟನೇ ಒಂದು ಪಾಲಷ್ಟೇ ಕಡಿಮೆ ಮಾಡಬೇಕು ಎಂಬುದು ನನಗೆ ಇವತ್ತಿಗೂ ಅಚ್ಚರಿ ಹುಟ್ಟಿಸುವ ಫಲಿತಾಂಶ. ಸಡಿಲ ಬಟ್ಟೆ, ಉದ್ದ ಕಾಲು, ಬೊಜ್ಜು ಎಲ್ಲವೂ ಈ ಅಂಕಿಯನ್ನು ಸ್ವಲ್ಪ ಅತ್ತ ಇತ್ತ ಎಳೆಯುತ್ತವೆ. ಅದಕ್ಕೇ ನಿಯಂತ್ರಣ ಕೋಣೆಯಲ್ಲಿ ಕೂತವರು ಪಟ್ಟಿ ನೋಡಿ ವೇಗ ಇಟ್ಟು ಸುಮ್ಮನಾಗದೆ, ಒಳಗಿರುವವರನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿರುತ್ತಾರೆ.

ಇದೇ ಸರಣಿಯನ್ನು ಕೆಳಕ್ಕೆ ಎಳೆದುಕೊಂಡು ಹೋದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1926ರ ಒಂದು ಪ್ರಬಂಧದಲ್ಲಿ ತೋರಿಸಿದ್ದರು. ಆಳವಾದ ಗಣಿಯೊಳಕ್ಕೆ ಇಲಿ ಬಿದ್ದರೆ ಬದುಕಿ ಎದ್ದು ಹೋಗುತ್ತದೆ, ಮನುಷ್ಯ ಬದುಕುವುದಿಲ್ಲ, ಏಕೆಂದರೆ ಜೀವಿ ಚಿಕ್ಕದಾದಂತೆ ತೂಕ ಇಳಿಯುವಷ್ಟು ಬೇಗ ಮೈಯ ಹರವು ಇಳಿಯುವುದಿಲ್ಲ.

ಇಲಿಗಿಂತಲೂ ಕೆಳಗೆ ಇಳಿದರೆ ಮಳೆಹನಿ ಸಿಗುತ್ತದೆ. ಐದು ಮಿಲಿಮೀಟರ್ ಗಾತ್ರದ ದಪ್ಪ ಹನಿ ಸೆಕೆಂಡಿಗೆ ಸುಮಾರು ಒಂಬತ್ತು ಮೀಟರ್ ವೇಗದಲ್ಲಿ ಬೀಳುತ್ತದೆ. ಒಂದು ಮಿಲಿಮೀಟರ್ ಹನಿಯದು ನಾಲ್ಕು ಮೀಟರ್. ಮೋಡದೊಳಗಿನ ಕಣದ್ದು ಸೆಕೆಂಡಿಗೆ ಒಂದು ಸೆಂಟಿಮೀಟರಿನ ಆಸುಪಾಸು, ಅದಕ್ಕೇ ಮೋಡ ಮೇಲೆ ನಿಂತಿರುವಂತೆ ಕಾಣುತ್ತದೆ. ಬೀಳುವ ಹನಿಯ ಆಕಾರ ಹೇಗೆ ಬದಲಾಗುತ್ತದೆ, ಎಷ್ಟು ದಪ್ಪವಾದಾಗ ಒಡೆಯುತ್ತದೆ ಎಂದು ನೋಡಬೇಕಾದರೆ ಹನಿಯ ಜೊತೆ ನಾವೂ ಬೀಳಬೇಕು, ಇಲ್ಲವೇ ಹನಿಯನ್ನು ನಿಂತಲ್ಲೇ ಬೀಳಿಸಬೇಕು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ಎ.ಕೆ. ಕಾಮ್ರಾ ಮತ್ತು ಸಂಗಡಿಗರು 1980 ಮತ್ತು 90ರ ದಶಕಗಳಲ್ಲಿ ಮಾಡಿದ್ದು ಈ ಎರಡನೆಯದನ್ನು. ನೆಟ್ಟಗೆ ನಿಂತ ಸಣ್ಣ ಗಾಳಿಸುರಂಗದಲ್ಲಿ ನೀರಿನ ಹನಿಯನ್ನು ತೇಲಿಸಿ, ಅದಕ್ಕೆ ವಿದ್ಯುದಾವೇಶ ಕೊಟ್ಟು, ಯಾವಾಗ ಹೇಗೆ ಒಡೆಯುತ್ತದೆ ಎಂದು ಅವರು ಗಮನಿಸಿದರು. ಗುಡುಗುಮೋಡದ ಹೊಟ್ಟೆಯೊಳಗೆ ನಡೆಯುವ ಸಂಗತಿಯನ್ನು ಮೇಜಿನ ಎದುರು ತಂದುಕೊಂಡ ಪ್ರಯೋಗ ಅದು. ಚಿತ್ರಗಳಲ್ಲಿ ಬರೆಯುವಂತೆ ಮಳೆಹನಿಗೆ ಮೇಲೆ ಚೂಪು ತುದಿ ಇರುವುದಿಲ್ಲ. ದೊಡ್ಡ ಹನಿಯ ತಳವನ್ನು ಗಾಳಿ ಒತ್ತಿ ಚಪ್ಪಟೆ ಮಾಡಿರುತ್ತದೆ.

ಈಗ ಆ ಷರತ್ತಿಗೆ, ನಯವಾದ ಪ್ರವಾಹಕ್ಕೆ ಬರೋಣ. ಸೆಂಟೋಸಾದ ಕೊಳವೆಯಲ್ಲಿ ಪ್ರತಿ ಸೆಕೆಂಡಿಗೆ ಸುಮಾರು ಸಾವಿರ ಘನ ಮೀಟರ್ ಗಾಳಿ ಹಾಯಬೇಕು. ಗಾಳಿ ಹಗುರ ಎಂಬ ಭಾವನೆ ನಮಗೆಲ್ಲ ಇದೆ, ಆದರೆ ಅಷ್ಟು ಗಾಳಿಯ ತೂಕ ಒಂದು ಟನ್‌ಗೂ ಹೆಚ್ಚು. ಅದರ ಚಲನೆಯಲ್ಲಿ ಅಡಗಿದ ಶಕ್ತಿ ಸೆಕೆಂಡಿಗೆ ಹದಿನಾಲ್ಕು ಲಕ್ಷ ಜೂಲ್ ಮೀರುತ್ತದೆ. ಅಷ್ಟನ್ನೂ ಪ್ರತಿ ಸೆಕೆಂಡು ಆಕಾಶಕ್ಕೆ ಊದಿ ಕಳೆದುಕೊಂಡರೆ ವಿದ್ಯುತ್ ಬಿಲ್ ಕಟ್ಟಿ ಪೂರೈಸದು. ಹಾಗಾಗಿ ಇಂದಿನ ಹೆಚ್ಚಿನ ಸುರಂಗಗಳಲ್ಲಿ ಗಾಳಿ ಮೇಲೆ ಹೋಗಿ, ಮೂಲೆಗಳಲ್ಲಿ ಬಾಗಿದ ಲೋಹದ ಪಟ್ಟಿಗಳ ನಡುವೆ ತಿರುಗಿ, ಪಕ್ಕದ ನಾಳಗಳಲ್ಲಿ ಕೆಳಗಿಳಿದು, ನೆಲದಡಿಯಿಂದ ಮತ್ತೆ ಮೇಲೆ ಬರುತ್ತದೆ. ಫ್ಯಾನುಗಳು ದಾರಿಯಲ್ಲಿ ಸೋರಿಹೋದ ಶಕ್ತಿಯನ್ನಷ್ಟೇ ತುಂಬಿಕೊಡುತ್ತವೆ. ಸೋರಿದ್ದೆಲ್ಲ ಕೊನೆಗೆ ಶಾಖವಾಗುವುದರಿಂದ ಸುತ್ತುವ ಗಾಳಿಯನ್ನು ತಂಪು ಮಾಡುತ್ತಲೇ ಇರಬೇಕು.

ಫ್ಯಾನಿನ ಅಲಗುಗಳು ಗಾಳಿಯನ್ನು ತಿರುಚಿ ಕಲಕುತ್ತವೆ. ಕಲಕಿದ ಗಾಳಿಯಲ್ಲಿ ಮನುಷ್ಯ ಸ್ಥಿರವಾಗಿ ನಿಲ್ಲಲಾರ. ಇದನ್ನು ಹದಕ್ಕೆ ತರುವ ಉಪಾಯ ನನಗೆ ಇಡೀ ಯಂತ್ರದಲ್ಲೇ ಅತ್ಯಂತ ಚೆಂದ ಕಂಡ ಭಾಗ. ಬಲೆಯ ಕೆಳಗೆ ಸುರಂಗ ತುಂಬ ಅಗಲವಾಗಿದ್ದು, ಮೇಲೆ ಬರುತ್ತ ಅದರ ಹರವು ನಾಲ್ಕನೇ ಒಂದು ಪಾಲಿಗೆ ಕಿರಿದಾಗುತ್ತದೆ ಎಂದುಕೊಳ್ಳಿ. ಹಾಯುವ ಗಾಳಿ ಅಷ್ಟೇ, ದಾರಿ ಕಿರಿದು. ವೇಗ ನಾಲ್ಕು ಪಟ್ಟಾಗಲೇಬೇಕು. ಅಗಲವಾದ ಕಡೆ ಒಂದು ಎಳೆ ಗಾಳಿ ಸೆಕೆಂಡಿಗೆ 12 ಮೀಟರಿನಲ್ಲಿ, ಪಕ್ಕದ ಎಳೆ 13 ಮೀಟರಿನಲ್ಲಿ ಬರುತ್ತಿದೆ ಎನ್ನೋಣ. ಎಂಟು ಪ್ರತಿಶತ ಏರುಪೇರು. ಕಿರಿದಾಗುವಾಗ ಒತ್ತಡದ ಇಳಿತ ಎರಡೂ ಎಳೆಗಳಿಗೆ ಒಂದೇ ಪ್ರಮಾಣದ ಶಕ್ತಿಯನ್ನು ಸೇರಿಸುತ್ತದೆ. ವೇಗದ ವರ್ಗದ ಲೆಕ್ಕದಲ್ಲಿ 144 ಮತ್ತು 169ಕ್ಕೆ 2,350 ಸೇರಿತು ಎನ್ನಿ. 2,494 ಮತ್ತು 2,519 ಆಯಿತು. ವರ್ಗಮೂಲ ತೆಗೆದರೆ ವೇಗ 49.94 ಮತ್ತು 50.19. ಎಂಟು ಪ್ರತಿಶತವಿದ್ದ ಏರುಪೇರು ಅರ್ಧ ಪ್ರತಿಶತಕ್ಕೆ ಇಳಿಯಿತು. ಯಾವ ಜರಡಿಯೂ ಇಲ್ಲದೆ, ಬರೀ ಗೋಡೆಯ ಆಕಾರದಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1959ರಿಂದ ಇರುವ 14 ಅಡಿಗೆ 9 ಅಡಿಯ ಗಾಳಿಸುರಂಗದ ಬಾಯಿ ಅಷ್ಟು ಅಗಲವಾಗಿರುವುದಕ್ಕೂ ಇದೇ ಕಾರಣ.

ಬಲೆಯ ಮೇಲಿನ ಭಾಗದಲ್ಲಿ ಗೋಡೆ ಇದಕ್ಕೆ ವಿರುದ್ಧವಾಗಿ ಮೆಲ್ಲಗೆ ಅಗಲವಾಗುತ್ತ ಹೋಗುತ್ತದೆ. ಐದು ಮೀಟರ್ ಅಗಲ ಐದೂವರೆ ಆಯಿತೆಂದರೆ ಹರವು 21 ಪ್ರತಿಶತ ಹೆಚ್ಚಿ, ಗಾಳಿಯ ಎತ್ತುವ ಬಲ ಮೂರನೇ ಎರಡು ಪಾಲಿಗೆ ಕುಸಿಯುತ್ತದೆ. ಹಾರುವವರು ಎಷ್ಟೇ ಮೇಲೆ ಹೋದರೂ ಅಲ್ಲಿ ಗಾಳಿ ಸೋತು ಅವರನ್ನು ಕೆಳಗೆ ಬಿಡುತ್ತದೆ. ಫ್ಯಾನಿಗೆ ಸಿಕ್ಕಿಬಿಟ್ಟರೆ ಎಂದು ಹೆದರುವವರಿಗೆ ಹೇಳಬೇಕಾದ ಮಾತು ಇದು. ತರಬೇತುದಾರರು ಹೊಸಬರ ಜಂಪ್‌ಸೂಟಿನ ಹಿಡಿಕೆ ಹಿಡಿದು ಸುತ್ತುತ್ತ ಮಹಡಿಗಟ್ಟಲೆ ಮೇಲೆ ಕರೆದೊಯ್ದು ಮತ್ತೆ ಬಲೆಯ ಹತ್ತಿರಕ್ಕೆ ಇಳಿಸುವ ಆಟವೂ ಗೋಡೆಯ ಈ ಇಳಿಜಾರನ್ನೇ ನೆಚ್ಚಿದೆ.

ನೆಟ್ಟಗಿನ ಸುರಂಗಗಳು ಹುಟ್ಟಿದ್ದು ಮನುಷ್ಯರಿಗಾಗಿ ಅಲ್ಲ. ಗಿರಕಿ ಹೊಡೆಯುತ್ತ ಬೀಳುವ ವಿಮಾನವನ್ನು ಪೈಲಟ್ ಹೇಗೆ ಹದ್ದುಬಸ್ತಿಗೆ ತರಬೇಕು ಎಂದು ತಿಳಿಯಲು ಅಮೆರಿಕದ ಲ್ಯಾಂಗ್ಲಿಯಲ್ಲಿ 1941ರಲ್ಲಿ 20 ಅಡಿ ಅಗಲದ ಸುರಂಗ ಸಿದ್ಧವಾಯಿತು. ಎಂಜಿನಿಯರುಗಳು ವಿಮಾನದ ಪುಟ್ಟ ಮಾದರಿಯನ್ನು ಕೈಯಿಂದಲೇ ಗಿರ್ರನೆ ತಿರುಗಿಸಿ ಮೇಲೇರುವ ಗಾಳಿಗೆ ಎಸೆಯುತ್ತಿದ್ದರು. ಓಹಾಯೊ ರಾಜ್ಯದ ಡೇಟನ್ ಊರಿನ ಸೇನಾ ನೆಲೆಯಲ್ಲಿ ಇಂಥದೇ ಇನ್ನೊಂದು ಸುರಂಗವಿತ್ತು. 1901ರಲ್ಲಿ ರೈಟ್ ಸಹೋದರರು ತಮ್ಮ ಸೈಕಲ್ ಅಂಗಡಿಯಲ್ಲಿ ಆರು ಅಡಿ ಉದ್ದದ ಮರದ ಪೆಟ್ಟಿಗೆಯನ್ನೇ ಗಾಳಿಸುರಂಗ ಮಾಡಿಕೊಂಡು ರೆಕ್ಕೆಯ ಆಕಾರಗಳನ್ನು ಒಂದೊಂದಾಗಿ ತೂಗಿನೋಡಿದ್ದು ಇದೇ ಡೇಟನ್‌ನಲ್ಲಿ. ಅಲ್ಲಿನ ನೆಟ್ಟಗಿನ ಸುರಂಗದೊಳಗೆ 1964ರಲ್ಲಿ ಜ್ಯಾಕ್ ಟಿಫನಿ ಎಂಬ ಪ್ಯಾರಾಶೂಟ್ ಪರೀಕ್ಷಕ ತೇಲಿದರು. ಹಾಗೆ ತೇಲಿದ ಮೊದಲ ಮನುಷ್ಯ ಎಂದು ಅವರನ್ನೇ ಹೇಳುತ್ತಾರೆ.

ಇದನ್ನು ಜನಸಾಮಾನ್ಯರಿಗೆ ತೆರೆದಿಟ್ಟವರು ಕೆನಡಾದ ಕ್ವಿಬೆಕ್‌ನ ಜಾನ್ ಸೇಂಟ್ ಜರ್ಮೇನ್. 1980ರ ಆಸುಪಾಸಿನ ಅವರ ಯಂತ್ರದಲ್ಲಿ, ಅದರ ಬೆನ್ನಿಗೇ ಬಂದ ಲಾಸ್ ವೇಗಸ್‌ನ ಸುರಂಗದಲ್ಲಿ, ಫ್ಯಾನ್ ಕಾಲಡಿಯಲ್ಲಿತ್ತು. ಕಲಕಿದ ಗಾಳಿಯೇ ನೇರ ಮೈಗೆ ಬಡಿಯುತ್ತಿತ್ತು. 1998ರಲ್ಲಿ ಒರ್ಲ್ಯಾಂಡೊದಲ್ಲಿ ಬಿಲ್ ಕಿಚನ್ ಫ್ಯಾನುಗಳನ್ನು ತಲೆಯ ಮೇಲಕ್ಕೆ ಒಯ್ದು, ಗಾಳಿಯನ್ನು ದೂಡುವ ಬದಲು ಸೆಳೆಯುವ ಏರ್ಪಾಟು ಮಾಡಿದ ಮೇಲೆ ಪ್ರವಾಹ ನಯವಾಯಿತು. ಆಟ ಕ್ರೀಡೆಯಾಗಿ ಬೆಳೆದದ್ದು ಆಮೇಲೆ. 2015ರಲ್ಲಿ ಪ್ರಾಗ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಸೆಂಟೋಸಾದ ಇದೇ ಕೊಳವೆಯಲ್ಲಿ ಚಿಕ್ಕಂದಿನಲ್ಲೇ ಕಲಿತ ಕೈರಾ ಪೋ 2017ರಲ್ಲಿ ಸ್ಪೇನಿನ ವಿಂಡ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಾಗ ಇನ್ನೂ ಹದಿಹರೆಯದ ಶಾಲಾ ಹುಡುಗಿ.

ನಮ್ಮಲ್ಲಿ ಹೈದರಾಬಾದಿನ ಗಂಡಿಪೇಟೆಯಲ್ಲಿ ಇಂಥ ಸುರಂಗ ತೆರೆದಿದೆ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ತಲುಪುವ ದೂರ. ಅಲ್ಲಿ ಅದೇ ಮನುಷ್ಯನಿಗೆ ಸೆಂಟೋಸಾಕ್ಕಿಂತ ಚೂರು ಹೆಚ್ಚು ವೇಗದ ಗಾಳಿ ಬೇಕಾಗುತ್ತದೆ, ಏಕೆಂದರೆ ಊರು ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಮೇಲಿದೆ, ಗಾಳಿ ಅಷ್ಟು ತೆಳು. ಬೆಂಗಳೂರಿನ ಎತ್ತರದಲ್ಲಿ ಕಟ್ಟಿದರೆ 180ರ ಬದಲು 190ರ ಹತ್ತಿರ ಇಡಬೇಕಾದೀತು. ಫೆಲಿಕ್ಸ್ ಬೌಮ್‌ಗಾರ್ಟ್ನರ್ 2012ರಲ್ಲಿ 39 ಕಿಲೊಮೀಟರ್ ಎತ್ತರದಿಂದ ಧುಮುಕಿ ಗಂಟೆಗೆ 1,357 ಕಿಲೊಮೀಟರ್ ವೇಗ ಮುಟ್ಟಿದ್ದು ಇದೇ ಕಾರಣದ ಕೊನೆಯ ತುದಿ. ಅಲ್ಲಿ ತಡೆಯಲು ಗಾಳಿಯೇ ಇರಲಿಲ್ಲ ಎನ್ನುವಷ್ಟು ಕಡಿಮೆ.

2023ರಲ್ಲಿ ಭಾರತೀಯ ಸೇನೆ ಹಿಮಾಚಲ ಪ್ರದೇಶದ ಬಕ್ಲೋಹ್‌ನಲ್ಲಿರುವ ವಿಶೇಷ ಪಡೆಗಳ ತರಬೇತಿ ಶಾಲೆಯಲ್ಲಿ ತನ್ನ ಮೊದಲ ನೆಟ್ಟಗಿನ ಗಾಳಿಸುರಂಗ ಸ್ಥಾಪಿಸಿತು. ಬೆನ್ನಿಗೆ ಮೂಟೆ, ಮೈಗೆ ಆಯುಧ ಕಟ್ಟಿಕೊಂಡಾಗ ಭಾರದ ಕೇಂದ್ರ ಎಲ್ಲಿಗೆ ಸರಿಯುತ್ತದೆ, ಕೈಕಾಲನ್ನು ಎಷ್ಟು ಬದಲಿಸಿಕೊಳ್ಳಬೇಕು ಎಂಬುದನ್ನು ಇಂಥಲ್ಲಿ ಸಾವಕಾಶವಾಗಿ ಕಲಿಯಬಹುದು. ಒಮ್ಮೆ ಧುಮುಕಿದರೆ ಕಲಿಯಲು ಸಿಗುವುದು ಒಂದು ನಿಮಿಷ. ಇಲ್ಲಿ ಎಷ್ಟು ಹೊತ್ತಾದರೂ ಬೀಳುತ್ತಿರಬಹುದು, ತಪ್ಪಿದರೆ ನಿಲ್ಲಿಸಿ ತಿದ್ದಬಹುದು. ಇಷ್ಟಾದ ಮೇಲೂ ಸೈನಿಕರು ವಿಮಾನ ಹತ್ತಲೇಬೇಕು. ವಿಮಾನದ ಬಾಗಿಲು ಬಿಟ್ಟ ಮೊದಲ ಕ್ಷಣಗಳಲ್ಲಿ ಗಾಳಿ ಕೆಳಗಿನಿಂದ ಬರುವುದಿಲ್ಲ, ವಿಮಾನ ಹೋಗುತ್ತಿದ್ದ ದಿಕ್ಕಿನಿಂದ ಬರುತ್ತದೆ. ಅದು ಕೊಳವೆಯಲ್ಲಿ ಸಿಗುವಂಥದ್ದಲ್ಲ. ಪ್ಯಾರಾಶೂಟ್ ಬಿಚ್ಚಿಕೊಂಡಾಗಿನ ಜಗ್ಗು, ಸಂಗಡಿಗರಿಂದ ದೂರ ಸರಿಯುವುದು, ಅಡ್ಡಗಾಳಿಯಲ್ಲಿ ಇಳಿಯುವ ಜಾಗ ಆರಿಸಿಕೊಳ್ಳುವುದು, ಇವೂ ಇಲ್ಲ. ಸುರಂಗ ಅಂತಿಮ ವೇಗದ ಬೀಳುವಿಕೆಯನ್ನು ಪೂರ್ತಿ ಕೊಟ್ಟು, ನೆಲ ಹತ್ತಿರವಾಗುವುದನ್ನು ತೆಗೆದುಹಾಕಿದೆ. ಆಕಾಶದಲ್ಲಿ ಕೊನೆಯ ಒಂದು ಕಿಲೊಮೀಟರ್ ಕಳೆಯಲು ಇಪ್ಪತ್ತು ಸೆಕೆಂಡೂ ಬೇಡ. ಒಳಕಿವಿಗೆ ಅದು ತಿಳಿಯುವುದಿಲ್ಲವಾದ್ದರಿಂದ, ಸ್ಕೈಡೈವರುಗಳು ಮಣಿಕಟ್ಟಿನ ಎತ್ತರಮಾಪಕವನ್ನು ಕೆಲವೇ ಸೆಕೆಂಡಿಗೊಮ್ಮೆ ನೋಡುವುದನ್ನು ಮೊದಲ ಜಿಗಿತದಿಂದಲೇ ರೂಢಿ ಮಾಡಿಕೊಳ್ಳುತ್ತಾರೆ.